ರೆಕ್ಕೆಗೆ ಹೊದಿಸಿದ ಬಟ್ಟೆ

ಹೊಳೆ ದಂಡೆಯ ಬಯಲಿನಲ್ಲಿ ಒಂದು ತಗಡಿನ ಶೆಡ್ಡು. ಒಳಗೆ ಇಬ್ಬರೇ ಕೂರುವ ಪುಟ್ಟ ವಿಮಾನ. ಮರದ ಮೈ, ಬಟ್ಟೆ ಹೊದಿಸಿದ ರೆಕ್ಕೆ.

ಶಾಂತವೀರಪ್ಪ ಮೇಷ್ಟ್ರು ಅದನ್ನು ಹರೆಯದಲ್ಲಿ ತಮ್ಮನ ಜೊತೆ ಸೇರಿ ಕೈಯಾರೆ ಕಟ್ಟಿದ್ದರು. ಆಮೇಲೆ ಅದು ವರ್ಷಗಟ್ಟಲೆ ಮುರಿದು ಬಿದ್ದಿತ್ತು. ಈಗ ಶಿಷ್ಯೆ ಕುಮುದಾ ಅದರ ರೆಕ್ಕೆಗಳನ್ನು ಹೊಸದಾಗಿ ಕಟ್ಟಿದ್ದಳು.

ಮೇಷ್ಟ್ರದ್ದು ಒಂದೇ ಕಟ್ಟುನಿಟ್ಟು. ಅಂಟು ಕಲಸಿದಾಗಲೆಲ್ಲ ಅದರಿಂದಲೇ ಎರಡು ಮರದ ಚೂರು ಅಂಟಿಸಿಡಬೇಕು, ಮರುದಿನ ಮುರಿದು ನೋಡಬೇಕು. ಮರ ಸೀಳಬೇಕೇ ಹೊರತು ಅಂಟು ಬಿಡಬಾರದು.

ಒಂದು ಸಲ, ಒಂದೇ ಒಂದು ಸಲ, ಕುಮುದಾ ಚೂರು ಇಡಲಿಲ್ಲ. ಆತುರ, ಇನ್ನೇನು! ಮೇಲೆ ಬಟ್ಟೆ ಹೊದಿಸಿ ಬಣ್ಣ ಬಳಿದುಬಿಟ್ಟಳು. ಆಮೇಲೆ ಅದೇ ಚಿಂತೆ. ಆದರೂ ಮೇಷ್ಟ್ರಿಗೆ ಹೇಳಲಿಲ್ಲ.

ಹಾರುವ ದಿನ ಬಂತು. ಮೇಷ್ಟ್ರು ಮುಂದೆ ಕೂತರು.

"ಬಾರಮ್ಮ, ಹಿಂದೆ ಕೂತ್ಕೋ."

"ನಾನೂನಾ?"

"ರೆಕ್ಕೆ ಕಟ್ಟಿದವರು ಜೊತೆಗೆ ಬರಲೇಬೇಕು."

ಕೂತಳು. ರೆಕ್ಕೆಯತ್ತಲೇ ನೋಡುತ್ತ ಬೆಲ್ಟು ಸಿಕ್ಕಿಸಿಕೊಂಡಳು.

"ಮೇಷ್ಟ್ರೇ, ಇದು ಮುರಿದದ್ದು ಹೇಗೆ?"

"ಮೇಲಿಂದ ಬಿತ್ತು. ಒಳಗೆ ತಮ್ಮ ಒಬ್ಬನೇ ಇದ್ದ."

"ಉಳಿದ್ರಾ?"

"ಇಲ್ಲ ಕಣಮ್ಮ."

ಇಂಜಿನ್ ಗುರ್ರೆಂದಿತು. ವಿಮಾನ ಬಯಲಲ್ಲಿ ಉರುಳತೊಡಗಿತು. ಎಡಗಡೆಯ ರೆಕ್ಕೆ ಅದುರುವುದನ್ನು ನೋಡಿ ಕುಮುದಾ ಕೂಗಿಕೊಂಡಳು.

"ಅಯ್ಯೋ, ನಿಲ್ಲಿಸಿ ಮೇಷ್ಟ್ರೇ! ಎಡ ರೆಕ್ಕೆ ಬುಡದ ಅಂಟು ನಾನು ಮುರಿದು ನೋಡಿಲ್ಲ!"

ಇಂಜಿನ್ ನಿಂತಿತು. ಮೇಷ್ಟ್ರು ಬೈಯಲಿಲ್ಲ. ಕೆಳಗಿಳಿದು ಅವಳ ಕೈಗೆ ಚಾಕು ಕೊಟ್ಟರು.

"ಬಟ್ಟೆ ಹರಿ."

ಅಷ್ಟು ನಾಜೂಕಾಗಿ ಹೊದಿಸಿದ್ದ ಬಟ್ಟೆ! ಅಳುತ್ತಲೇ ಹರಿದಳು. ಮೇಷ್ಟ್ರು ಚಾಕು ತೆಗೆದುಕೊಂಡು ಅದರ ಮೊನೆಯಿಂದ ಅಂಟನ್ನು ಉದ್ದಕ್ಕೂ ಕೆದಕಿದರು. ಆಮೇಲೆ ಇಬ್ಬರೂ ರೆಕ್ಕೆಗೆ ಜೋತುಬಿದ್ದರು. ಅಂಟು ಕೂದಲೆಳೆಯಷ್ಟೂ ಬಿಡಲಿಲ್ಲ.

ಕುಮುದಾ ಕಣ್ಣೊರೆಸಿಕೊಂಡು ನಕ್ಕಳು.

"ಸುಮ್ಮಸುಮ್ಮನೆ ಹೆದರಿಬಿಟ್ಟೆ ನೋಡಿ! ತೇಪೆ ಹಾಕಿ ಸಂಜೆಗೇ ಹಾರೋಣ ಮೇಷ್ಟ್ರೇ. ಈಗ ನನಗೆ ಚೂರೂ ಭಯ ಇಲ್ಲ."

ಮೇಷ್ಟ್ರು ಚಾಕುವನ್ನು ಮತ್ತೆ ಅವಳ ಕೈಗಿಟ್ಟರು.

"ಅವತ್ತು ತಮ್ಮನಿಗೂ ಚೂರೂ ಭಯ ಇರಲಿಲ್ಲ. ಬಲ ರೆಕ್ಕೆಯ ಬಟ್ಟೆಯನ್ನೂ ಹರಿ."