ಎದೆಮಟ್ಟ, ಸೊಂಟಮಟ್ಟ

“ಗುರುಗಳೇ, ಇವರೇನು ಮನುಷ್ಯರೋ?” ಎಂದು ಶಿಷ್ಯನು ಓಲೆಗಳ ಕಟ್ಟನ್ನು ನೆಲಕ್ಕೆ ಕುಕ್ಕಿದನು. “ಈ ಬೇಸಿಗೆ ಯಾವ ಕೆರೆಯ ಹೂಳು ತೆಗೆಸಬೇಕೆಂದು ತಿಳಿಯಲು ಏಳು ಮಠಗಳಿಂದ ಹತ್ತು ವರ್ಷದ ನೀರಿನ ವಿವರ ತರಿಸಿದೆ. ಒಬ್ಬರು ಮೊಳದಲ್ಲಿ ಬರೆದಿದ್ದಾರೆ, ಒಬ್ಬರು ಮೆಟ್ಟಿಲೆಣಿಸಿದ್ದಾರೆ, ಇನ್ನೊಬ್ಬರು ‘ಎಮ್ಮೆ ಮುಳುಗುವಷ್ಟು’ ಎಂದಿದ್ದಾರೆ. ಯಾವ ಎಮ್ಮೆಯೋ! ನಾನು ಬರೆದ ನಮ್ಮ ಮಠದ ಓಲೆಯೊಂದನ್ನು ಬಿಟ್ಟರೆ ಉಳಿದವೆಲ್ಲ ಬೆಂಕಿಗೆ ಹಾಕಲು ಯೋಗ್ಯ. ಸುಳ್ಳು ಬರೆಯುವವರೊಡನೆ ಹೇಗೆ ಏಗಲಿ?”

ಗುರುಗಳು ಕಟ್ಟು ಬಿಚ್ಚಿ, ಒಂದು ಓಲೆಯನ್ನು ಓದಿ ಮಡಿಲಲ್ಲಿಟ್ಟುಕೊಂಡು, ಈ ಕತೆ ಹೇಳಿದರು.

ಒಂದೇ ಹಳ್ಳಕ್ಕೆ ಮೇಲೊಂದು ಕೆಳಗೊಂದು ಕೆರೆ. ಎರಡಕ್ಕೂ ಒಂದೇ ಎತ್ತರದ ಏರಿ, ಒಬ್ಬೊಬ್ಬ ನೀರುಗಂಟಿ. ನೀರುಗಂಟಿ ದಿನವೂ ತೂಬಿನ ಬಳಿ ಇಳಿದು ನಿಂತು, ನೀರೆಷ್ಟಿದೆಯೆಂದು ಹೇಳಿ ಕಳುಹಿಸಬೇಕು. ತೂಬು ಎತ್ತುವುದೋ ಬೇಡವೋ ಎಂಬುದನ್ನು ಊರಲ್ಲಿ ಕುಳಿತ ಪಾರುಪತ್ಯಗಾರ ಹೇಳಬೇಕು.

ಒಂದು ಸಲ ಮಳೆ ಮೂರು ದಿನ ಬಿಡದೆ ಹೊಯ್ಯಿತು. ಮೇಲಿನ ಕೆರೆಯವನು ‘ಎದೆಮಟ್ಟ’ ಎಂದು ಹೇಳಿ ಕಳುಹಿಸಿದ. ಕೆಳಗಿನವನು ‘ಸೊಂಟಮಟ್ಟ’ ಎಂದ. ಕೆಳಗೆ ಇನ್ನೂ ಜಾಗವಿದೆಯೆಂದುಕೊಂಡು ಪಾರುಪತ್ಯಗಾರ ಮೇಲಿನ ತೂಬು ಎತ್ತಿಸಿದ. ಸಂಜೆಯೊಳಗೆ ಕೆಳಗಿನ ಏರಿ ಒಡೆಯಿತು. ನಲವತ್ತು ಮನೆಯವರ ತೆನೆಗಟ್ಟಿದ ಗದ್ದೆ ಕೊಚ್ಚಿಹೋಯಿತು.

ಪಾರುಪತ್ಯಗಾರನಿಗೆ ಮೈಯೆಲ್ಲ ಉರಿಯಿತು. ಇಬ್ಬರನ್ನೂ ಮೇಲಿನ ಏರಿಗೆ ಕರೆಸಿ, “ಯಾವನೋ ಸುಳ್ಳು ಹೇಳಿದವನು?” ಎಂದು ಕೂಗಾಡಿದ.

“ಬುದ್ಧೀ, ನಾನು ನೀರಲ್ಲಿ ನಿಂತು ನೋಡೇ ಹೇಳಿದ್ದು,” ಎಂದ ಒಬ್ಬ. “ನಾನೂ ಅಷ್ಟೇ, ಬುದ್ಧೀ,” ಎಂದ ಇನ್ನೊಬ್ಬ.

ಮಾತು ಬೇಡವೆಂದು ಅವನು ಇಬ್ಬರನ್ನೂ ಕೆರೆಗೆ ಇಳಿಸಿದ. ಇಬ್ಬರೂ ಅಕ್ಕಪಕ್ಕ ನಿಂತರು. ಮೇಲಿನ ಕೆರೆಯವನು ಗಿಡ್ಡ. ಕೆಳಗಿನವನು ಬಾಗಿಲಲ್ಲಿ ತಲೆ ಬಗ್ಗಿಸಿ ನುಗ್ಗುವ ಆಳು. ಒಂದೇ ನೀರು ಗಿಡ್ಡನ ಎದೆಗೂ ಉದ್ದನೆಯವನ ಸೊಂಟಕ್ಕೂ ಬಂದಿತ್ತು. ಹನ್ನೆರಡು ವರ್ಷ ಇವರ ಮಾತು ಕೇಳಿ ತೂಬೆತ್ತಿಸಿದವನು ಇಬ್ಬರನ್ನೂ ಒಟ್ಟಿಗೆ ನೋಡಿದ್ದು ಅದೇ ಮೊದಲು. ಯಾರನ್ನೆಂದು ಬೈಯುವುದು?

ಶಿಷ್ಯನಿಗೆ ತಡೆಯಲಾಗಲಿಲ್ಲ. “ಎರಡು ಕೆರೆಗೂ ಒಂದೇ ಅಳತೆಗೋಲು ನೆಡಬೇಕಿತ್ತು. ಅಷ್ಟೂ ಹೊಳೆಯಲಿಲ್ಲವೇ ಆ ದಡ್ಡರಿಗೆ?”

ಗುರುಗಳು ಮಡಿಲಿನ ಓಲೆಯನ್ನು ಅವನ ಕೈಗಿತ್ತರು. ಅದು ಅವನೇ ಬರೆದ ಓಲೆ.

“ಹತ್ತು ವರ್ಷವೂ ‘ಎಂದಿನಷ್ಟೇ ನೀರು’ ಎಂದು ಬರೆದಿದ್ದೀಯಲ್ಲ ಮಗು, ಎಂದಿನಷ್ಟು ಎಂದರೆ ಎಷ್ಟು?”