ಮೂಲೆಯಿಲ್ಲದ ಪಂಜರ

"ಬುದ್ಧಿ, ಜಗಳಗಂಟನನ್ನು ಹೊರಗೆ ಕಳಿಸಿದರೂ ಜಗಳ ಒಳಗೇ ಉಳಿಯುವುದೇಕೆ?"

ಕೇಳಿದವನು ಮರುಳಯ್ಯ. ಮಠದಲ್ಲಿ ಓದಲು ಬಂದ ಸಾಧಕರ ಉಸ್ತುವಾರಿ ಅವನದು. ಹೊಡೆದಾಟಕ್ಕಾಗಿ ಇಬ್ಬರನ್ನು ಆಗಲೇ ಊರಿಗೆ ಕಳಿಸಿದ್ದ. ಈಗ ಮೂರನೆಯವನನ್ನು ಕಳಿಸಲು ಗುರುಗಳ ಅಪ್ಪಣೆ ಬೇಡಿ ಬಂದಿದ್ದ. ಗುರುಗಳು ಅಪ್ಪಣೆ ಕೊಡಲಿಲ್ಲ, ಕತೆ ಹೇಳಿದರು.

ಒಬ್ಬ ಮೇದಾರ ಇದ್ದ. ಬಿದಿರು ಸೀಳಿ ಬುಟ್ಟಿ ಹೆಣೆಯುವುದು ಅವನ ಕಸುಬು. ಅದರ ಜೊತೆಗೆ ಗೌಜಲಕ್ಕಿ ಸಾಕಬೇಕೆಂಬ ಆಸೆಯಾಯಿತು. ಹಕ್ಕಿಗಳಿಗಾಗಿ ತಾನೇ ಒಂದು ದುಂಡನೆಯ ಪಂಜರ ಹೆಣೆದ. ಯಾವ ಹಕ್ಕಿಯೂ ಕಣ್ಣಿಗೆ ಮರೆಯಾಗಬಾರದೆಂದು ಅದಕ್ಕೆ ಒಂದು ಮೂಲೆಯನ್ನೂ ಬಿಡಲಿಲ್ಲ. ಅಂಗಳದ ಬೆಳಕಿನಲ್ಲಿಟ್ಟು ಇಪ್ಪತ್ತು ಹಕ್ಕಿ ಬಿಟ್ಟ. ನೋಡಿದವರೆಲ್ಲ ಕೈಚಳಕವನ್ನು ಹೊಗಳಿದರು.

ಹತ್ತು ದಿನ ಕಳೆಯುವಷ್ಟರಲ್ಲಿ ಒಂದು ಹೆಣ್ಣು ಹಕ್ಕಿಯ ನೆತ್ತಿಯ ಗರಿ ಕಿತ್ತುಹೋಗಿ ರಕ್ತ ಜಿನುಗುತ್ತಿತ್ತು. ಕೆಂಪು ಕಂಡ ಕಡೆಗೇ ಉಳಿದವೂ ಕುಕ್ಕುತ್ತಿದ್ದವು. ಮೇದಾರ ಅದನ್ನು ಹೊರಗೆ ತೆಗೆದು, ಗಾಯಕ್ಕೆ ಅರಿಸಿನ ಹಚ್ಚಿ, ಬೇರೆ ಬುಟ್ಟಿಯಲ್ಲಿಟ್ಟು ಆರೈಕೆ ಮಾಡಿದ. ಗಾಯ ಮಾಗಿದ ಮೇಲೆ ಮತ್ತೆ ಒಳಗೆ ಬಿಟ್ಟ. ಸಂಜೆಯೊಳಗೆ ಅದರ ಒಂದು ಕಣ್ಣು ಹೋಗಿತ್ತು.

ಅಲ್ಲಿಂದ ಅವನಿಗೆ ನೆಮ್ಮದಿ ಇಲ್ಲದಾಯಿತು. ಕೈ ಬುಟ್ಟಿ ಹೆಣೆಯುತ್ತಿದ್ದರೂ ಕಿವಿ ಪಂಜರದ ಕಡೆಗೇ ಇರುತ್ತಿತ್ತು. ರೆಕ್ಕೆ ಬಡಿದ ಸದ್ದಾದರೆ ಊಟದ ನಡುವೆಯೂ ಎದ್ದು ಓಡುತ್ತಿದ್ದ. ಕೊನೆಗೆ ಕುಕ್ಕುವ ಗಂಡು ಹಕ್ಕಿಯನ್ನು ಪತ್ತೆ ಹಚ್ಚಿ, ಹಿಡಿದು, ಒಂಟಿಯಾಗಿ ಬುಟ್ಟಿಯ ಕೆಳಗೆ ಮುಚ್ಚಿಟ್ಟ. ಎರಡು ದಿನ ಪಂಜರ ಶಾಂತವಾಗಿತ್ತು. ಮೂರನೆಯ ದಿನ ಇನ್ನೊಂದು ಗಂಡು ಶುರುಮಾಡಿತು. ಅದನ್ನೂ ತೆಗೆದ. ಆಮೇಲೆ ಒಂದು ಹೆಣ್ಣೇ ಕುಕ್ಕಲು ನಿಂತಿತು. ಈಗ ಅವನಿಗೆ ಸುಮ್ಮನೆ ಕಾಳು ತಿನ್ನುವ ಹಕ್ಕಿಯ ಮೇಲೂ ಅನುಮಾನ. ನಾಳೆ ಇದರ ಸರದಿಯೋ, ಅದರ ಸರದಿಯೋ ಎಂದು ಒಂದೊಂದರ ಕೊಕ್ಕನ್ನೂ ನೋಡುತ್ತ ಕೂರುತ್ತಿದ್ದ. ಅಷ್ಟರಲ್ಲಿ ಮೊದಲು ಮುಚ್ಚಿಟ್ಟಿದ್ದ ಗಂಡು ಮೇವು ಬಿಟ್ಟು ಸತ್ತುಹೋಯಿತು. ಅದನ್ನು ಅಂಗೈಯಲ್ಲಿ ಹಿಡಿದಾಗ ಇಷ್ಟು ಹಗುರವೇ ಎನಿಸಿತು.

ಅವನ ಹೆಂಡತಿ ಇದನ್ನೆಲ್ಲ ನೋಡುತ್ತಲೇ ಇದ್ದಳು. ಅಂದು ಹತ್ತಿರ ಬಂದು ಹೇಳಿದಳು: "ಯಾವ ಹಕ್ಕಿ ಕುಕ್ಕುತ್ತದೆ ಅಂತ ನೋಡಿದಿರಿ. ಕುಕ್ಕಿಸಿಕೊಂಡದ್ದು ಎಲ್ಲಿಗೆ ಹೋಗುತ್ತದೆ, ಅದನ್ನೊಮ್ಮೆ ನೋಡಿ."

ಅವನು ನೋಡಿದ. ಏಟು ತಿಂದ ಹಕ್ಕಿ ಗೋಡೆಗುಂಟ ಓಡಿತು. ಗೋಡೆ ದುಂಡಗಿತ್ತು. ಓಡಿ ಓಡಿ ಅದು ಹೊಡೆದ ಹಕ್ಕಿಯ ಎದುರಿಗೇ ಬಂದು ನಿಂತಿತು. ಮತ್ತೆ ಏಟು ಬಿತ್ತು. ಮತ್ತೆ ಓಡಿತು, ಮತ್ತೆ ಅಲ್ಲಿಗೇ ಬಂತು. ಸೋತ ಹಕ್ಕಿ ಕಣ್ಮರೆಯಾಗದೆ ಗೆದ್ದ ಹಕ್ಕಿಯ ಸಿಟ್ಟು ಇಳಿಯುತ್ತಿರಲಿಲ್ಲ. ಮೇದಾರ ತಲೆ ತಗ್ಗಿಸಿದ.

ಮರುದಿನವೇ ಹಿತ್ತಿಲಲ್ಲಿ ಅಗಲವಾದ ಎರಡು ಆವರಣ ಕಟ್ಟಿದ. ಒಂದೊಂದಕ್ಕೆ ಒಂದು ಗಂಡು, ಕೆಲವು ಹೆಣ್ಣು ಎಂದು ಗೊತ್ತುಮಾಡಿ, ಮಿಕ್ಕ ಗಂಡುಗಳಿಗೆ ಬೇರೆ ಜಾಗ ಮಾಡಿದ. ಒಳಗೆ ಹುಲ್ಲಿನ ಕಂತೆಗಳನ್ನು ನಿಲ್ಲಿಸಿದ. ಒಡೆದ ಮಡಕೆಗಳನ್ನು ಬೋರಲು ಹಾಕಿದ. ಬಿಸಿಲಿಗೆ ಗೋಣಿ ಕಟ್ಟಿದ. ಮೊದಲು ಬಂದ ಹಕ್ಕಿ ಜಾಗ ತನ್ನದೆಂದುಕೊಳ್ಳಬಾರದೆಂದು ಎಲ್ಲ ಹಕ್ಕಿಗಳನ್ನೂ ಒಂದೇ ಬೆಳಿಗ್ಗೆ ಬಿಟ್ಟು, ಬಾಗಿಲ ಬಳಿಯೇ ನಿಂತ.

ಒಂದು ಆವರಣದಲ್ಲಿ ಗಂಡು ಒಂಟಿಗಣ್ಣಿನ ಹೆಣ್ಣಿನ ಮೇಲೆರಗಿತು. ಮೇದಾರನ ಕೈ ಬಾಗಿಲಿಗೆ ಹೋಯಿತು. ಹೆಂಡತಿ ಆ ಕೈಯನ್ನು ಹಿಡಿದು ನಿಲ್ಲಿಸಿದಳು. ಹೆಣ್ಣು ಓಡಿ ಹುಲ್ಲಿನ ಕಂತೆಯ ಹಿಂದೆ ಸೇರಿತು. ಗಂಡು ಎರಡು ಸಲ ಅತ್ತಿತ್ತ ನೋಡಿ, ಕಾಣದೆ, ಕಾಳಿನ ಕಡೆ ತಿರುಗಿತು. ಬಹಳ ಹೊತ್ತಿನ ಮೇಲೆ ಹೆಣ್ಣು ತಾನಾಗಿಯೇ ಹೊರಗೆ ಬಂದು ಅದೇ ಕಾಳನ್ನು ತಿಂದಿತು. ಹೋದ ಕಣ್ಣು ಬರಲಿಲ್ಲ. ಸತ್ತ ಹಕ್ಕಿಯೂ ಬರಲಿಲ್ಲ. ಆದರೆ ಆ ಮನೆಯಲ್ಲಿ ಮತ್ತೆ ಅರಿಸಿನ ಅರೆಯುವ ಕೆಲಸ ಬೀಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನಿಗೆ ಸಮಾಧಾನವಾಗಲಿಲ್ಲ.

"ಅವು ಹಕ್ಕಿಗಳು, ಬುದ್ಧಿ. ನಮ್ಮವರು ತಿಳಿವಳಿಕೆ ಇದ್ದವರು. ಅವರಿಗೆ ಯಾವ ಕೊರತೆಯನ್ನೂ ನಾನು ಮಾಡಿಲ್ಲ."

ಗುರುಗಳು ಅವನನ್ನೇ ನೋಡುತ್ತ ಮೆಲ್ಲಗೆ ಕೇಳಿದರು:

"ಹನ್ನೆರಡು ಮಂದಿ ಮಲಗುವ ನಿನ್ನ ಆ ಒಂದೇ ಕೋಣೆಯಲ್ಲಿ, ಒಬ್ಬನಿಗೆ ಅಳು ಬಂದರೆ ಅವನು ಎಲ್ಲಿಗೆ ಹೋಗಬೇಕು, ಮರುಳಯ್ಯ?"