ದಿಬ್ಬದ ಮೇಲಿನ ಸುಳ್ಳು

"ನನ್ನ ಗಂಟಲು ಹಾಳು ಮಾಡಿದವರ ಮೇಲೆ ನನಗೆ ಸಿಟ್ಟಿದೆ ಬುದ್ಧಿ. ಅದು ತಪ್ಪಾ?"

ಕೇಳಿದವನು ಮರಿದೇವ. ಮಠದ ಶಾಲೆಯಲ್ಲಿ ಮಕ್ಕಳಿಗೆ ವಚನ ಹಾಡಲು ಕಲಿಸುವವನು. ಅವನಿಗೆ ಹದಿಮೂರಾಗಿ ದನಿ ಒಡೆಯುವ ಹೊತ್ತಿನಲ್ಲಿ, ಅವನ ಸಂಗೀತದ ಮೇಷ್ಟ್ರು ಅವನನ್ನು ಊರೂರಿಗೆ ಕರೆದೊಯ್ದು ಎತ್ತರದ ಶ್ರುತಿಯಲ್ಲಿ ಹಾಡಿಸಿದ್ದರು. ಅಂದು ಹೋದ ದನಿ ಮತ್ತೆ ಬರಲಿಲ್ಲ. ಈಗ ಅದೇ ಮೇಷ್ಟ್ರು ತಮ್ಮ ಶಿಷ್ಯರನ್ನು ಕಟ್ಟಿಕೊಂಡು, ಬರುವ ಸೋಮವಾರ ಮಠದಲ್ಲಿ ನಡೆಯುವ ಹಾಡಿನ ಸ್ಪರ್ಧೆಗೆ ಬರುವವರಿದ್ದರು.

"ಅವರ ಕಣ್ಣೆದುರಿಗೇ ಅವರ ಶಿಷ್ಯರನ್ನ ಸೋಲಿಸ್ತೀನಿ. ನನ್ನ ಮಕ್ಕಳು ಸೋಲಿಸ್ತಾರೆ. ಆಮೇಲೆ ಬೇಕಾದ್ರೆ ಸಿಟ್ಟು ಬಿಡ್ತೀನಿ," ಎಂದ ಮರಿದೇವ.

ಮಠದ ಸ್ವಾಮಿಗಳು ಮೆತ್ತಗಿನ ಮನುಷ್ಯರಲ್ಲ. ಸಿಟ್ಟು ಬಿಡು ಎಂದು ಯಾರಿಗೂ ಉಪದೇಶ ಮಾಡಿದವರೂ ಅಲ್ಲ. "ಕೂತ್ಕೋ," ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಸಮುದ್ರದಾಚೆ ಒಂದು ದೇಶ. ಅಲ್ಲಿ ಬೇಸ್‌ಬಾಲ್ ಎಂಬ ಆಟ. ನಮ್ಮ ಕ್ರಿಕೆಟ್ಟಿನ ದಾಯಾದಿ ಎಂದುಕೋ. ಮೈದಾನದ ನಡುವೆ ಮಣ್ಣಿನ ಸಣ್ಣ ದಿಬ್ಬ, ಅದರ ಮೇಲೆ ಒಬ್ಬ ಎಸೆತಗಾರ. ಅವನು ಚೆಂಡನ್ನು ನೆಲಕ್ಕೆ ತಾಗಿಸದೆ ಬೀಸಿ ಎಸೆಯಬೇಕು, ಎದುರಿಗೆ ದಾಂಡು ಹಿಡಿದವನು ಹೊಡೆಯಬೇಕು. ಆಟವೆಲ್ಲ ನಿಂತಿರುವುದು ಎಸೆತಗಾರನ ತೋಳಿನ ಮೇಲೆ. ತೋಳು ಇರುವ ತನಕ ಅವನು ರಾಜ. ತೋಳು ಹೋದ ದಿನ ಅವನನ್ನು ಕೇಳುವ ನರಪಿಳ್ಳೆಯೂ ಇರುವುದಿಲ್ಲ.

ಅಲ್ಲಿ ಒಂದು ಪದ್ಧತಿಯಿದೆ. ಎಸೆತಗಾರ ದಣಿದಂತೆ ಕಂಡರೆ ತಂಡದ ಮ್ಯಾನೇಜರ್ ತಾನೇ ದಿಬ್ಬದವರೆಗೆ ನಡೆದು ಬಂದು, "ಕೈ ಹೇಗಿದೆ?" ಎಂದು ಕೇಳುತ್ತಾನೆ. ಮ್ಯಾನೇಜರ್ ಅಂಗೈ ಚಾಚಿದನೋ, ಎಸೆತಗಾರ ಮರುಮಾತಿಲ್ಲದೆ ಚೆಂಡನ್ನು ಅದರಲ್ಲಿಟ್ಟು ಹೊರಗೆ ನಡೆಯಬೇಕು. ಆ ದಿನದ ಆಟ ಅವನಿಗೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಎಲ್ಲ ಎಸೆತಗಾರರ ಉತ್ತರವೂ ಒಂದೇ: "ಚೆನ್ನಾಗಿದೆ." ತೋಳು ಹರಿದುಹೋಗುತ್ತಿದ್ದರೂ ಚೆನ್ನಾಗಿದೆ. ಅದು ಸುಳ್ಳೆಂದು ಕೇಳುವವನಿಗೂ ಗೊತ್ತು. ಆ ಸುಳ್ಳನ್ನು ನಂಬಬೇಕೋ ಬೇಡವೋ ಎಂದು ತೀರ್ಮಾನಿಸುವುದಕ್ಕೇ ಅವನನ್ನು ಅಲ್ಲಿ ಇಟ್ಟಿರುವುದು.

ಒಬ್ಬ ಎಸೆತಗಾರನಿದ್ದ. ಹತ್ತೊಂಬತ್ತನೆಯ ವಯಸ್ಸಿಗೆ ದೊಡ್ಡ ತಂಡ ಸೇರಿದ. ಅವನು ಬೀಸಿದ ಚೆಂಡು ದಾಂಡಿಗನ ಕಣ್ಣಿಗೆ ಬೀಳುವ ಮೊದಲೇ ಹಿಂದೆ ಚೆಂಡು ಹಿಡಿಯಲು ಕೂತವನ ಗವಸು ಸೇರುತ್ತಿತ್ತು. ತಂಡದ ಮ್ಯಾನೇಜರ್ ಒಬ್ಬ ಮುದುಕ, ಗೆಲ್ಲುವ ಚಟ ಹತ್ತಿದವನು. ಒಮ್ಮೆ ಆಡಿದ ಎಸೆತಗಾರನಿಗೆ ನಾಲ್ಕು ದಿನ ಬಿಡುವು ಕೊಡುವುದು ವಾಡಿಕೆ. ಮುದುಕ ಇವನಿಗೆ ಎರಡೇ ದಿನ ಕೊಟ್ಟ. ಎಸೆತಗಾರ ಅದನ್ನು ಪ್ರೀತಿ ಎಂದುಕೊಂಡ. ಆ ವಯಸ್ಸೇ ಹಾಗೆ, ದುಡಿಸಿಕೊಳ್ಳುವವರೆಲ್ಲ ಮೆಚ್ಚಿಕೊಂಡವರಂತೆ ಕಾಣುತ್ತಾರೆ.

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಒಂದು ದಿನ, ಆಟ ಇನ್ನೇನು ಮುಗಿಯಬೇಕು ಎನ್ನುವಾಗ, ಅವನ ಭುಜ ಸುಡತೊಡಗಿತು. ಮುದುಕ ದಿಬ್ಬಕ್ಕೆ ಬಂದ.

"ಕೈ ಹೇಗಿದೆ?"

"ಚೆನ್ನಾಗಿದೆ."

ಮುದುಕ ಅವನ ಮುಖ ನೋಡಿದ. ತುಟಿ ಕಚ್ಚಿಕೊಂಡದ್ದನ್ನೂ ನೋಡಿದ. ಬೆನ್ನು ತಟ್ಟಿ ಹಿಂದಿರುಗಿದ. ಮೂರನೆಯ ಎಸೆತಕ್ಕೆ ಭುಜದೊಳಗೆ ಏನೋ ಹರಿಯಿತು. ಆ ಸದ್ದು ಎಸೆತಗಾರನಿಗೆ ಮಾತ್ರ ಕೇಳಿಸಿತು.

ಎರಡು ಸಲ ಕೊಯ್ದು ಹೊಲಿದರು. ಚೆಂಡಿನಲ್ಲಿ ಹಿಂದಿನ ವೇಗವಿರಲಿಲ್ಲ. ದೊಡ್ಡ ತಂಡ ಬಿಟ್ಟಿತು. ಸಣ್ಣ ಊರುಗಳ ತಂಡಗಳಲ್ಲಿ ಒಂದಷ್ಟು ದಿನ ಆಡಿದ, ಅವೂ ಬಿಟ್ಟವು. ಕೊನೆಗೆ ತಲೆ ಬಾಚಲು ಎಡಗೈ ಬೇಕಾಯಿತು. ಮುದುಕ ಒಂದು ದಿನವೂ ಆಸ್ಪತ್ರೆಯ ಕಡೆ ತಲೆಹಾಕಲಿಲ್ಲ. ಮುಂದಿನ ವರ್ಷ ಅವನ ತಂಡದಲ್ಲಿ ಬೇರೊಬ್ಬ ಹತ್ತೊಂಬತ್ತರವನಿದ್ದ. ಸಿಟ್ಟು ಬಾರದೇ? ಈಗ ಹೇಳುವಾಗ ನನಗೇ ಮೈ ಉರಿಯುತ್ತದೆ.

ಸಿಟ್ಟು ಅವನನ್ನು ಕೆಡಿಸಲಿಲ್ಲ. ಅದನ್ನೂ ಹೇಳಬೇಕು. ಅವನು ಮತ್ತೆ ಅದೇ ಆಟಕ್ಕೆ ಬಂದ, ಕಾಲಕ್ರಮದಲ್ಲಿ ತಾನೇ ಒಂದು ತಂಡದ ಮ್ಯಾನೇಜರ್ ಆದ. ಎಸೆಯುವಾಗ ಮೊಣಕೈ ಒಂದು ಬೆರಳಷ್ಟು ಕೆಳಗಿಳಿದರೂ ಅವನಿಗೆ ತಿಳಿಯುತ್ತಿತ್ತು. ಚೆನ್ನಾಗಿದೆ ಎಂದವರ ಕೈಯಿಂದಲೂ ಚೆಂಡು ಕಸಿದುಕೊಂಡು ಹೊರಗೆ ಕಳಿಸುತ್ತಿದ್ದ. ಎಸೆತಗಾರರು ಬಾಯಿಗೆ ಬಂದಂತೆ ಬಯ್ದರು. ಅವರ ತೋಳುಗಳು ಉಳಿದವು. ಇಂಥ ಸಿಟ್ಟು ಊರಿಗೊಬ್ಬರಿಗಿದ್ದರೆ ಒಳ್ಳೆಯದೇ.

ಆದರೆ ಒಂದು ವರ್ಷ ಕೊನೆಯ ಪಂದ್ಯದಲ್ಲಿ ಎದುರು ತಂಡದ ಮ್ಯಾನೇಜರ್ ಆಗಿ ಬಂದವನು ಅದೇ ಮುದುಕ. ಇನ್ನೂ ಗಟ್ಟಿಮುಟ್ಟಾಗಿದ್ದ. ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆ ಉಗಿಯುತ್ತ ಬೆಂಚಿನ ಮೇಲೆ ಆರಾಮಾಗಿ ಕೂತಿದ್ದ.

ಇವನ ತಂಡ ಒಂದೇ ಒಂದು ಓಟದಿಂದ ಮುಂದಿತ್ತು. ಇನ್ನು ಮೂವರನ್ನು ಔಟ್ ಮಾಡಿದರೆ ಗೆದ್ದಂತೆ. ದಿಬ್ಬದ ಮೇಲೆ ಇಪ್ಪತ್ತೊಂದರ ಎಳೆಯ ಎಸೆತಗಾರ. ಅವನ ಮೊಣಕೈ ಇಳಿದಿತ್ತು. ಒಂದು ಬೆರಳಲ್ಲ, ನಾಲ್ಕು ಬೆರಳು. ಇವನು ನಡೆದು ಹೋಗಿ ಕೇಳಿದ.

"ಕೈ ಹೇಗಿದೆ?"

"ಚೆನ್ನಾಗಿದೆ ಸರ್."

ಬೇರೆ ದಿನವಾಗಿದ್ದರೆ ಅಂಗೈ ತಾನಾಗಿ ಮುಂದೆ ಬರುತ್ತಿತ್ತು. ಬದಲಿ ಎಸೆತಗಾರ ಸಿದ್ಧನಾಗಿಯೇ ಇದ್ದ, ಆದರೆ ಅವನು ಇಷ್ಟು ಚುರುಕಿನವನಲ್ಲ. ಅವನನ್ನು ಆಟಕ್ಕೆ ತಂದರೆ ಮುದುಕ ಗೆದ್ದರೂ ಗೆಲ್ಲಬಹುದು. ಇವನು ಬೆಂಚಿನ ಮೇಲೆ ಸಿಪ್ಪೆ ಉಗಿಯುತ್ತಿದ್ದ ಮುದುಕನನ್ನು ನೋಡಿದ. ಇಪ್ಪತ್ತು ವರ್ಷ ಈ ಒಂದು ದಿನಕ್ಕಾಗಿ ಕಾದಿದ್ದೆ ಎನ್ನಿಸಿತು. ಕೈಯನ್ನು ಜೇಬಿನಿಂದ ತೆಗೆಯಲೇ ಇಲ್ಲ.

"ಇನ್ನು ಮೂವರು. ಅಷ್ಟೇ," ಎಂದು ಹೇಳಿ ಹಿಂದಿರುಗಿದ.

ಮೂವರೂ ಔಟಾದರು. ತಂಡ ಗೆದ್ದಿತು. ಕೊನೆಯ ಚೆಂಡು ಎಸೆದ ಎಳೆಯವನು ಮೊಣಕೈ ಹಿಡಿದುಕೊಂಡು ದಿಬ್ಬದ ಮೇಲೆಯೇ ಕುಸಿದು ಕೂತ. ಗೆದ್ದ ಗದ್ದಲದಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಇವನ ಕಣ್ಣಿಗೂ ಬೀಳಲಿಲ್ಲ. ಇವನು ಮುದುಕನ ಮುಖ ನೋಡಲು ಮೈದಾನ ದಾಟಿ ಓಡುತ್ತಿದ್ದ. ಆ ಮುಖ ಬಾಡಿರಬೇಕು, ಅದರಲ್ಲಿ ಸೋಲು ಕಾಣಬೇಕು, ತನಗಾದದ್ದು ಮುದುಕನಿಗೂ ಆಗಬೇಕು. ಇವನಿಗೆ ಬೇಕಾದದ್ದು ಇಷ್ಟೇ.

ಮುದುಕ ನಗುತ್ತ ಎದ್ದು ನಿಂತು ಕೈಕುಲುಕಿದ. ಕಣ್ಣು ಕಿರಿದು ಮಾಡಿ, "ನೀನು ಒಂದು ಕಾಲಕ್ಕೆ ನನ್ನ ತಂಡದಲ್ಲಿದ್ದೆ, ಅಲ್ಲವೇ?" ಎಂದ. ಆಮೇಲೆ ದಿಬ್ಬದ ಕಡೆ ಗದ್ದ ಎತ್ತಿ ತೋರಿಸಿದ. "ಅವನ ಕೈ ಆಗಲೇ ಹೋಗಿತ್ತು, ನಾನೂ ನೋಡಿದೆ. ನಾನಾಗಿದ್ದರೂ ಅವನನ್ನು ದಿಬ್ಬದಿಂದ ಇಳಿಸುತ್ತಿರಲಿಲ್ಲ. ಚೆನ್ನಾಗಿ ಕಲಿತಿದ್ದೀಯ."

ಆಗ ಇವನು ತಿರುಗಿ ನೋಡಿದ. ಇಬ್ಬರು ಆ ಎಳೆಯವನನ್ನು ನಡೆಸಿಕೊಂಡು ಹೋಗುತ್ತಿದ್ದರು. ಅವನು ಮತ್ತೆ ಎಂದೂ ದಿಬ್ಬ ಹತ್ತಲಿಲ್ಲ.

ಸ್ವಾಮಿಗಳು ಕತೆ ನಿಲ್ಲಿಸಿದರು. ಮರಿದೇವನ ಮುಖ ಕೆಂಪಾಗಿತ್ತು.

"ಹಾಗಾದ್ರೆ ಆ ಮುದುಕನದು ಏನೂ ತಪ್ಪಿಲ್ವಾ ಬುದ್ಧಿ? ಅವನು ನಗ್ತಾ ಮನೆಗೆ ಹೋದ. ನಮ್ಮ ಮೇಷ್ಟ್ರೂ ಹಂಗೇ ನಗ್ತಾ ಬರ್ತಾರೆ, ಹಾರ ಹಾಕಿಸ್ಕೊಂಡು ಹೋಗ್ತಾರೆ."

"ತಪ್ಪಿಲ್ಲ ಅಂತ ಯಾವನಂದ?" ಸ್ವಾಮಿಗಳ ದನಿ ಏರಿತು. "ಮುದುಕ ಕೊಲೆಗಡುಕ. ನಿನ್ನ ಮೇಷ್ಟ್ರೂ ಕಮ್ಮಿಯಿಲ್ಲ. ಅವರ ಮೇಲೆ ಸಿಟ್ಟು ಇಟ್ಕೋ, ಸಾಯೋ ತನಕ ಇಟ್ಕೋ, ನಾನು ಬೇಡ ಅನ್ನಲ್ಲ."

ಮರಿದೇವನಿಗೆ ಬೇಕಾಗಿದ್ದ ಮಾತು ಸಿಕ್ಕಿತ್ತು. ಕೈಮುಗಿದು ಏಳಲು ಹೋದ. ಸ್ವಾಮಿಗಳು ಅವನನ್ನು ದುರುಗುಟ್ಟಿ ನೋಡಿದರು.

"ಸೋಮವಾರ ಹಾಡೋ ನಿನ್ನ ಮಕ್ಕಳಲ್ಲಿ ಇವತ್ತು ಯಾರ ಗಂಟಲು ಕಟ್ಟಿದೆ, ಹೆಸರು ಹೇಳಿ ಹೋಗು."

ಮರಿದೇವನಿಗೆ ಹೆಸರು ಗೊತ್ತಿತ್ತು. ಅರ್ಧ ಎದ್ದವನು ಮತ್ತೆ ಕೂತ.